ಬೀಟಾ ಎಚ್‌ಸಿಜಿ ರಿಪೋರ್ಟಿನ ನಂಬರು ಹೇಗೆ ಹುಟ್ಟುತ್ತದೆ?

(ಮಂಡ್ಯದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ವಿದ್ಯಾರ್ಥಿಗಳು ಹಾಗೂ ಊರಿನ ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸ ಮೈಸೂರಿನ ಲ್ಯಾಬಿನಲ್ಲಿ, ಬಯೋಕೆಮಿಸ್ಟ್ರಿ ವಿಭಾಗದಲ್ಲಿ. ನಮ್ಮ ಕೈಗೆ ಬರುವುದು ಹೆಸರು, ವಯಸ್ಸು ಬರೆದ ಒಂದು ರಕ್ತದ ಟ್ಯೂಬು. ನಮ್ಮಿಂದ ಹೊರಗೆ ಹೋಗುವುದು ಒಂದು ಹಾಳೆ, ಅದರ ಮೇಲೊಂದು ನಂಬರು. ಆ ನಂಬರು ಹಿಡಿದುಕೊಂಡು ಹೆಣ್ಣುಮಕ್ಕಳು ಎಷ್ಟು ಸಂಕಟಪಡುತ್ತಾರೆ ಅನ್ನುವುದನ್ನು ನಾನು ನೋಡಿದ್ದೇನೆ. "ಮೇಡಂ, 412 ಬಂದಿದೆ. ಒಳ್ಳೇದಾ, ಕೆಟ್ಟದ್ದಾ?" ಅಂತ ಕೇಳುತ್ತಾರೆ. ಗಂಡ ಕೇಳುತ್ತಾರೆ, ಅತ್ತೆ ಕೇಳುತ್ತಾರೆ. ಮೊಬೈಲಿನಲ್ಲಿ ಯಾವುದೋ ಪಟ್ಟಿ ಹುಡುಕಿ, ಅದರ ಜೊತೆ ಹೋಲಿಸಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರೂ ಇರುತ್ತಾರೆ.

ಬಸಿರು ತಿಳಿಯಲು ರಕ್ತದಲ್ಲಿ ಅಳೆಯುವ ಬೀಟಾ ಎಚ್‌ಸಿಜಿಯ ಒಂದೇ ನಂಬರು ನೋಡಿ ಬಸಿರು ಚೆನ್ನಾಗಿದೆ ಅಂತಲೂ ಹೇಳಲಾಗದು, ಕೆಟ್ಟಿದೆ ಅಂತಲೂ ಹೇಳಲಾಗದು. ಯಾಕೆ ಅನ್ನುವುದನ್ನು ಇವತ್ತು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಲ್ಯಾಬಿನ ಒಳಗೆ ಕರೆದುಕೊಂಡು ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಂಬರು ಹುಟ್ಟುವ ಬಗೆ ಗೊತ್ತಿದ್ದವರಿಗೆ ಅದನ್ನು ಓದುವುದು ಸುಲಭ.

ಮೊದಲು ಹಾರ್ಮೋನಿನ ವಿಚಾರ. ಎಚ್‌ಸಿಜಿ ಅಂದರೆ ಹ್ಯೂಮನ್ ಕೋರಿಯಾನಿಕ್ ಗೊನಡೊಟ್ರೋಪಿನ್. ಉದ್ದದ ಹೆಸರು, ನೆನಪಿಡಬೇಕಾಗಿಲ್ಲ. ಅಂಡ ಬಿಡುಗಡೆಯಾಗಿ, ವೀರ್ಯಾಣು ಸೇರಿ, ಆ ಪುಟ್ಟ ಭ್ರೂಣ ಬಂದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದಕ್ಕೆ 6ರಿಂದ 12 ದಿನ ಹಿಡಿಯುತ್ತದೆ. ಹೆಚ್ಚಿನವರಲ್ಲಿ 8ರಿಂದ 10 ದಿನ. ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಎಚ್‌ಸಿಜಿಯನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅದು ಅಂಡಾಶಯಕ್ಕೆ ಹೋಗಿ, ಅಲ್ಲಿರುವ ಕಾರ್ಪಸ್ ಲೂಟಿಯಂ ಅನ್ನುವ ಹಳದಿ ಗ್ರಂಥಿಯನ್ನು ಬಾಡದಂತೆ ನೋಡಿಕೊಳ್ಳುತ್ತದೆ. ಆ ಗ್ರಂಥಿ ಪ್ರೊಜೆಸ್ಟರಾನ್ ಮಾಡುತ್ತಲೇ ಇರುತ್ತದೆ. ಪ್ರೊಜೆಸ್ಟರಾನ್ ಇರುವವರೆಗೆ ಗರ್ಭಕೋಶದ ಒಳಪದರ ಕಳಚುವುದಿಲ್ಲ, ಮುಟ್ಟು ಬರುವುದಿಲ್ಲ. ಸುಮಾರು 7ರಿಂದ 9 ವಾರದ ಹೊತ್ತಿಗೆ ಮಾಸು ಬಲಿತು ಪ್ರೊಜೆಸ್ಟರಾನ್ ಮಾಡುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ.

ಈ ಹಾರ್ಮೋನ್ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಸಂಶೋಧನೆ ಇದೆ. ದೆಹಲಿಯಲ್ಲಿ ಜಿ.ಪಿ. ತಲ್ವಾರ್ ಮತ್ತು ಅವರ ತಂಡ ಎಚ್‌ಸಿಜಿ ವಿರುದ್ಧವೇ ಲಸಿಕೆ ಮಾಡಿ ಮಹಿಳೆಯರಲ್ಲಿ ಪ್ರಯೋಗ ನಡೆಸಿದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಲಸಿಕೆಯಿಂದ ಹುಟ್ಟಿದ ಆ್ಯಂಟಿಬಾಡಿ (ಎಚ್‌ಸಿಜಿಯನ್ನು ಗುರುತಿಸಿ ಹಿಡಿಯುವ ಪ್ರೋಟೀನು) ಸಾಕಷ್ಟು ಮಟ್ಟದಲ್ಲಿದ್ದ 1,224 ಋತುಚಕ್ರಗಳಲ್ಲಿ ಬಸಿರು ನಿಂತದ್ದು ಒಂದೇ ಒಂದು. ಎಚ್‌ಸಿಜಿಯನ್ನು ತಡೆದರೆ ಬಸಿರು ನಿಲ್ಲುವುದಿಲ್ಲ ಅಂತ ಮನುಷ್ಯರಲ್ಲೇ ತೋರಿಸಿದ ಕೆಲಸ ಅದು.

ಇನ್ನು ಬೀಟಾ ಅನ್ನುವುದು ಯಾಕೆ ಬಂತು? ಎಚ್‌ಸಿಜಿಯಲ್ಲಿ ಎರಡು ಎಳೆಗಳಿವೆ. ಆಲ್ಫಾ ಎಳೆಯಲ್ಲಿ 92 ಅಮೈನೋ ಆಮ್ಲಗಳು, ಬೀಟಾದಲ್ಲಿ 145. ತೊಂದರೆ ಇರುವುದು ಆಲ್ಫಾದಲ್ಲಿ. ಅಂಡ ಬಿಡಿಸುವ ಎಲ್‌ಎಚ್, ಅಂಡ ಬೆಳೆಸುವ ಎಫ್‌ಎಸ್‌ಎಚ್, ಥೈರಾಯ್ಡನ್ನು ನಡೆಸುವ ಟಿಎಸ್‌ಎಚ್, ಈ ಮೂರರಲ್ಲೂ ಇರುವುದು ಅದೇ ಆಲ್ಫಾ ಎಳೆ. ಅದನ್ನು ನೋಡಿ ಇದು ಎಚ್‌ಸಿಜಿ ಅಂತ ಗುರುತು ಹಿಡಿಯುವುದಕ್ಕೆ ಆಗುವುದಿಲ್ಲ. ವ್ಯತ್ಯಾಸ ಇರುವುದು ಬೀಟಾದಲ್ಲಿ. ಅದಕ್ಕೇ ಪರೀಕ್ಷೆ ಬೀಟಾ ಎಳೆಯ ಮೇಲೆ ಕಣ್ಣಿಡುತ್ತದೆ.

ಈ ಅರಿವಿಗೆ ಬರುವುದಕ್ಕೆ ಬಹಳ ಕಾಲ ಬೇಕಾಯಿತು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಜೊಂಡೆಕ್ ಅನ್ನುವ ಇಬ್ಬರು ವೈದ್ಯರು ಹೆಣ್ಣಿನ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚುತ್ತಿದ್ದರು. ಕೆಲವು ದಿನ ಬಿಟ್ಟು ಇಲಿಗಳನ್ನು ಕೊಂದು ಅಂಡಾಶಯ ನೋಡುತ್ತಿದ್ದರು. ಬದಲಾವಣೆ ಕಂಡರೆ ಆಕೆ ಬಸುರಿ. 1931ರಲ್ಲಿ ಅಮೆರಿಕದ ಫ್ರೀಡ್‌ಮನ್ ಇಲಿಯ ಬದಲು ಮೊಲ ಬಳಸಿದರು. ಆಮೇಲೆ ದಕ್ಷಿಣ ಆಫ್ರಿಕಾದ ಕ್ಸೆನೋಪಸ್ ಕಪ್ಪೆ ಬಂತು. ಬಸುರಿಯ ಮೂತ್ರ ಚುಚ್ಚಿದರೆ ಹೆಣ್ಣು ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು. ಕಪ್ಪೆ ಸಾಯಬೇಕಾಗಿರಲಿಲ್ಲ, ಅದೊಂದು ಸಮಾಧಾನ. ಇವತ್ತು ಐದು ನಿಮಿಷದಲ್ಲಿ ನೋಡಿ ಎಸೆಯುವ ಮೂತ್ರ ಪರೀಕ್ಷೆಯ ಪಟ್ಟಿಯ ಹಿಂದೆ ಅಷ್ಟೊಂದು ಪ್ರಾಣಿಗಳ ಜೀವ ಹೋಗಿದೆ. ಅದನ್ನು ಹೇಳದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

1960ರಲ್ಲಿ ಸ್ವೀಡನ್ನಿನ ವೈಡ್ ಮತ್ತು ಗೆಮ್ಜೆಲ್ ಪ್ರಾಣಿ ಬಿಟ್ಟು ಆ್ಯಂಟಿಬಾಡಿಯಿಂದ ಟೆಸ್ಟ್ ಮಾಡಿ ತೋರಿಸಿದರು. ಆದರೆ ಆ ಆ್ಯಂಟಿಬಾಡಿಗೆ ಎಲ್‌ಎಚ್ ಮತ್ತು ಎಚ್‌ಸಿಜಿ ನಡುವೆ ವ್ಯತ್ಯಾಸ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಹಾರ್ಮೋನ್ ಜಾಸ್ತಿ ಏರಿದ ಮೇಲೆಯೇ ಪಾಸಿಟಿವ್ ಅನ್ನಬೇಕಾಗಿತ್ತು. ಮೊದಲ ವಾರಗಳ ಬಸಿರು ತಪ್ಪಿಹೋಗುತ್ತಿತ್ತು. ಬೀಟಾ ಎಳೆಯನ್ನು ಮಾತ್ರ ಹಿಡಿಯುವ ಪರೀಕ್ಷೆ ಬಂದದ್ದು 1972ರಲ್ಲಿ. ಅಮೆರಿಕದ ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೀನ್, ಗ್ರಿಫ್ ರಾಸ್ ಅದನ್ನು ಮಾಡಿದರು. ಅದು ವಿಕಿರಣದ ಪರೀಕ್ಷೆ, ರೇಡಿಯೋ ಇಮ್ಯುನೋಅಸ್ಸೇ. ಆ ವಿಧಾನವನ್ನು 1959ರಲ್ಲಿ ಕಟ್ಟಿದವರು ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸೊಲೊಮನ್ ಬರ್ಸನ್. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ವಿಕಿರಣದ ಪರೀಕ್ಷೆ ಬಹಳ ಸೂಕ್ಷ್ಮ. ಆದರೆ ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಆಗುತ್ತದಾ? ಅದರಲ್ಲಿ ಬಳಸುವ ಅಯೋಡಿನ್-125 ಸುಮಾರು 60 ದಿನಕ್ಕೆ ಅರ್ಧಕ್ಕೆ ಇಳಿಯುತ್ತದೆ. ಕಿಟ್ ಹಳತಾದರೆ ಕೆಲಸಕ್ಕೆ ಬಾರದು. ಲೈಸೆನ್ಸ್ ಬೇಕು, ವಿಕಿರಣ ಎಣಿಸುವ ಗಾಮಾ ಕೌಂಟರ್ ಬೇಕು, ಉಳಿದ ಕಸವನ್ನು ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ. ಇಲ್ಲಿ ಕಿಣ್ವ, ಅಂದರೆ ಎನ್‌ಜೈಮ್ ಕೈಹಿಡಿಯಿತು.

1971ರಲ್ಲಿ ಎರಡು ಕಡೆ ಒಂದೇ ಯೋಚನೆ ಹುಟ್ಟಿತು. ಸ್ಟಾಕ್‌ಹೋಮಿನಲ್ಲಿ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಹಾಲೆಂಡಿನಲ್ಲಿ ಆಂಟನ್ ಶೂರ್ಸ್ ಮತ್ತು ಬೌಕೆ ವಾನ್ ವೇಮನ್. ವಿಕಿರಣದ ಬದಲು ಕಿಣ್ವವನ್ನು ಗುರುತಾಗಿ ಕಟ್ಟೋಣ, ಕಿಣ್ವ ಬಣ್ಣ ಬರಿಸಲಿ, ಆ ಬಣ್ಣವನ್ನು ಅಳೆಯೋಣ ಅನ್ನುವುದು ಆ ಯೋಚನೆ. ಎಲೈಸಾ ಅಂತ ಹೆಸರಿಟ್ಟವರು ಸ್ಟಾಕ್‌ಹೋಮಿನವರು. ಹಾಲೆಂಡಿನ ಇಬ್ಬರು ತಮ್ಮ ವಿಧಾನವನ್ನು ತೋರಿಸುವುದಕ್ಕೆ ಆರಿಸಿಕೊಂಡದ್ದು ಎಚ್‌ಸಿಜಿಯನ್ನೇ! ಎಚ್‌ಐವಿ, ಡೆಂಗಿ, ಥೈರಾಯ್ಡ್ ಅಂತ ಎಲೈಸಾ ಹೆಸರು ನೀವು ನೂರು ಕಡೆ ಕೇಳಿರುತ್ತೀರಿ. ಕಿಣ್ವ ಕಟ್ಟಿ ಮಾಡಿದ ಮೊಟ್ಟಮೊದಲ ಪರೀಕ್ಷೆಗಳಲ್ಲಿ ಒಂದು ಬಸಿರಿನ ಪರೀಕ್ಷೆ ಅನ್ನುವುದು ನನಗೆ ಇವತ್ತಿಗೂ ಬಹಳ ಖುಷಿ ಕೊಡುವ ಸಂಗತಿ.

ಲ್ಯಾಬ್ ವಿದ್ಯಾರ್ಥಿಗಳು ಈಗ ಸ್ವಲ್ಪ ಜಾಸ್ತಿ ಕಿವಿಗೊಡಿ.

ಎಲೈಸಾ ಪ್ಲೇಟು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. 8 ಸಾಲು, 12 ಕಂಬ, ಒಟ್ಟು 96 ಗುಳಿಗಳು. ನಾವು ವೆಲ್ ಅನ್ನುತ್ತೇವೆ. ಪ್ರತಿ ವೆಲ್ಲಿನ ತಳಕ್ಕೆ ಒಂದು ಆ್ಯಂಟಿಬಾಡಿಯನ್ನು ಮೊದಲೇ ಅಂಟಿಸಿರುತ್ತಾರೆ. ಅದು ಎಚ್‌ಸಿಜಿಯ ಒಂದು ಜಾಗವನ್ನು ಹಿಡಿಯುತ್ತದೆ. ತಾಯಿಯ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಹಾಕಿ ಬಿಟ್ಟರೆ ಅದರಲ್ಲಿರುವ ಎಚ್‌ಸಿಜಿ ತಳಕ್ಕೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎರಡನೇ ಆ್ಯಂಟಿಬಾಡಿ ಹಾಕುತ್ತೇವೆ. ಅದು ಎಚ್‌ಸಿಜಿಯ ಇನ್ನೊಂದು ಜಾಗವನ್ನು ಹಿಡಿಯುತ್ತದೆ. ಅದರ ಬೆನ್ನಿಗೆ ಕಿಣ್ವ ಕಟ್ಟಿರುತ್ತದೆ. ಎರಡು ಆ್ಯಂಟಿಬಾಡಿಗಳ ನಡುವೆ ಹಾರ್ಮೋನ್ ಇರುವುದರಿಂದ ಲ್ಯಾಬಿನವರು ಇದನ್ನು ಸ್ಯಾಂಡ್‌ವಿಚ್ ಎಲೈಸಾ ಅನ್ನುತ್ತಾರೆ. ಒಂದೇ ತರದ ಆ್ಯಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ವಿದ್ಯೆಯನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಕಂಡುಹಿಡಿದ ಮೇಲೆ ಈ ಕಿಟ್ಟುಗಳು ಅಗ್ಗವಾದವು, ನಂಬಿಕೆಗೂ ಅರ್ಹವಾದವು.

ಕಿಣ್ವ ಹೆಚ್ಚಾಗಿ ಹಾರ್ಸ್‌ರ್ಯಾಡಿಶ್ ಪೆರಾಕ್ಸಿಡೇಸ್. ನಮ್ಮ ಸಾಸಿವೆ, ಮೂಲಂಗಿಯ ಕುಟುಂಬಕ್ಕೇ ಸೇರಿದ ಒಂದು ಗಿಡದ ಬೇರಿನಿಂದ ತೆಗೆಯುವುದು. ಇದರ ಶಕ್ತಿ ಇರುವುದು ಮತ್ತೆ ಮತ್ತೆ ಕೆಲಸ ಮಾಡುವುದರಲ್ಲಿ. ಒಂದು ಕಿಣ್ವದ ಅಣು ನಿಮಿಷಕ್ಕೆ ಸಾವಿರಾರು ಅಣುಗಳನ್ನು ಬಣ್ಣಕ್ಕೆ ತಿರುಗಿಸಬಲ್ಲದು. ಹಾಗಾಗಿ ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಕಡಿಮೆ ಇರುವ ಹಾರ್ಮೋನ್ ಕಣ್ಣಿಗೆ ಕಾಣುವ ಬಣ್ಣವಾಗುತ್ತದೆ.

ಬಣ್ಣಕ್ಕೆ ಮುಂಚೆ ತೊಳೆಯುವುದು. ಇಡೀ ಪರೀಕ್ಷೆಯಲ್ಲಿ ಜನ ಕಡೆಗಣಿಸುವ ಹಂತ ಇದು. ಹಾರ್ಮೋನಿಗೆ ಅಂಟಿಕೊಳ್ಳದೆ ಉಳಿದ ಕಿಣ್ವದ ಆ್ಯಂಟಿಬಾಡಿ ಪೂರ್ತಿ ಹೋಗಬೇಕು. ಬಫರ್ ಅನ್ನುವ ತೊಳೆಯುವ ದ್ರಾವಣದಲ್ಲಿ ಕಿಟ್ ಹೇಳಿದಷ್ಟು ಸಲ ತೊಳೆಯಬೇಕು, ಪ್ಲೇಟನ್ನು ಬೋರಲು ಹಾಕಿ ಕಾಗದದ ಮೇಲೆ ತಟ್ಟಿ ಒಣಗಿಸಬೇಕು. ಅವಸರದಲ್ಲಿ ಒಂದು ಸಲ ಕಮ್ಮಿ ತೊಳೆದರೆ ಉಳಿದ ಕಿಣ್ವ ಬಣ್ಣ ಬರಿಸುತ್ತದೆ. ಬಸುರಿ ಅಲ್ಲದ ಹೆಣ್ಣಿಗೆ ನಂಬರು ಬರುತ್ತದೆ. ನಿಮ್ಮ ಕೈಕೆಳಗೆ ಒಂದು ಮನೆಯ ಆಸೆ ಇರುತ್ತದೆ ಮಕ್ಕಳೇ, ದಯವಿಟ್ಟು ತೊಳೆಯುವುದರಲ್ಲಿ ಅವಸರ ಮಾಡಬೇಡಿ.

ಆಮೇಲೆ ಟಿಎಂಬಿ ಅನ್ನುವ ದ್ರಾವಣ ಹಾಕಿ ಕತ್ತಲಲ್ಲಿ ಇಡುತ್ತೇವೆ. ಕಿಣ್ವ ಇದ್ದ ಕಡೆ ನೀಲಿ ಏಳುತ್ತದೆ. ಹೊತ್ತು ನೋಡಿ ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಕಿಣ್ವ ನಿಲ್ಲುತ್ತದೆ, ನೀಲಿ ಹಳದಿಯಾಗುತ್ತದೆ. ಆ ಹಳದಿಯನ್ನು ರೀಡರ್ 450 ನ್ಯಾನೋಮೀಟರ್ ಬೆಳಕಿನಲ್ಲಿ ಓದುತ್ತದೆ. ರೀಡರಿಗೆ ಎಚ್‌ಸಿಜಿ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಎಷ್ಟು ಬಣ್ಣಕ್ಕೆ ಎಷ್ಟು ಹಾರ್ಮೋನ್ ಅಂತ ಗೊತ್ತಾಗಬೇಕಾದರೆ ಅದೇ ಪ್ಲೇಟಿನಲ್ಲಿ ಅಳತೆ ಗೊತ್ತಿರುವ ಸ್ಟ್ಯಾಂಡರ್ಡ್‌ಗಳನ್ನೂ ಹಾಕಬೇಕು. ಅವುಗಳ ಬಣ್ಣದಿಂದ ಗ್ರಾಫ್ ಎಳೆದು, ತಾಯಿಯ ಸ್ಯಾಂಪಲ್ ಅದರಲ್ಲಿ ಎಲ್ಲಿ ಬೀಳುತ್ತದೆ ಅಂತ ನೋಡುತ್ತೇವೆ. ಜೊತೆಗೆ ಕಂಟ್ರೋಲ್‌ಗಳು, ಅಂದರೆ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್‌ಗಳು. ಕಂಟ್ರೋಲ್ ದಾರಿ ತಪ್ಪಿದರೆ ಇಡೀ ಪ್ಲೇಟನ್ನು ಮತ್ತೆ ಮಾಡಬೇಕು. ಹಾಗೆ ಮತ್ತೆ ಮಾಡುವ ಲ್ಯಾಬನ್ನು ನಂಬಿ.

ಕಿಣ್ವಕ್ಕೆ ಶಾಖ, ಹೊತ್ತು, ರಾಸಾಯನಿಕ ಎಲ್ಲವೂ ತಾಗುತ್ತದೆ. ಕಿಟ್ಟನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದ ಮಧ್ಯಾಹ್ನ ಫ್ರಿಜ್ ಏನಾಯಿತು ಅಂತ ನೋಡದವರು ಸಂಜೆ ರಿಪೋರ್ಟ್ ಕೊಡಬಾರದು. ಪ್ಲೇಟಿನ ಅಂಚಿನ ವೆಲ್‌ಗಳು ನಡುವಿನವಕ್ಕಿಂತ ಬೇಗ ಬಿಸಿಯಾಗುತ್ತವೆ, ಅಲ್ಲಿ ಬಣ್ಣ ಬೇರೆ ಬರಬಹುದು. ಸೀರಮ್ ಕೆಡದಿರಲಿ ಅಂತ ಹಾಕುವ ಸೋಡಿಯಂ ಅಝೈಡ್ ಈ ಪೆರಾಕ್ಸಿಡೇಸನ್ನು ಕೊಂದೇಬಿಡುತ್ತದೆ. ಒಂದು ನೆಮ್ಮದಿ ಅಂದರೆ ಎಚ್‌ಸಿಜಿ ಗಟ್ಟಿ ಹಾರ್ಮೋನ್. ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ತಂಪಾಗಿಟ್ಟು ಮೈಸೂರಿಗೆ ಕಳಿಸಿದರೆ ದಾರಿಯಲ್ಲಿ ಹಾಳಾಗುವುದಿಲ್ಲ.

ಈಗ ದೊಡ್ಡ ಲ್ಯಾಬುಗಳಲ್ಲಿ ಈ ಕೆಲಸವನ್ನು ಯಂತ್ರವೇ ಮಾಡುತ್ತದೆ. ವೆಲ್ ಬದಲು ಅಯಸ್ಕಾಂತಕ್ಕೆ ಎಳೆಯಲ್ಪಡುವ ಸಣ್ಣ ಮಣಿಗಳು, ಬಣ್ಣದ ಬದಲು ಬೆಳಕು. ಎಷ್ಟೋ ಯಂತ್ರಗಳಲ್ಲಿ ಆ ಬೆಳಕನ್ನು ಬರಿಸುವುದು ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ. ಕೆಲವು ಯಂತ್ರಗಳು ಕಿಣ್ವ ಬಿಟ್ಟು ಬೇರೆ ಗುರುತು ಬಳಸುತ್ತವೆ. ರಿಪೋರ್ಟಿನಲ್ಲಿ ಸಣ್ಣ ಅಕ್ಷರದಲ್ಲಿ ಸಿಎಲ್‌ಐಎ, ಇಸಿಎಲ್‌ಐಎ ಅಂತ ಇರುತ್ತದಲ್ಲ, ಅದೇ. ಎರಡು ಕಡೆಯಿಂದ ಹಿಡಿಯುವ ಯೋಚನೆ ಮಾತ್ರ ಎಲ್ಲದರಲ್ಲೂ ಒಂದೇ.

ಇಷ್ಟು ತಿಳಿದ ಮೇಲೆ ರಿಪೋರ್ಟ್ ಓದೋಣ.

ಅಳತೆ ಮಿಲಿಲೀಟರಿಗೆ ಇಷ್ಟು ಮಿಲಿ ಯೂನಿಟ್ ಅಂತ ಇರುತ್ತದೆ. ಈ ಯೂನಿಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಾದರಿ ಎಚ್‌ಸಿಜಿಯೇ ಆಧಾರ. ಬಸುರಿ ಅಲ್ಲದವರಲ್ಲಿ ಸಾಮಾನ್ಯವಾಗಿ 5ರ ಒಳಗೆ. ಬಸಿರು ನಿಂತರೆ ಮೊದಲ ವಾರಗಳಲ್ಲಿ ಸುಮಾರು ಎರಡು ದಿನಕ್ಕೊಮ್ಮೆ ಎರಡು ಪಟ್ಟಾಗುತ್ತಾ ಏರುತ್ತದೆ. ಮೇಲೇರಿದ ಹಾಗೆ ಓಟ ನಿಧಾನವಾಗುತ್ತದೆ. 8ರಿಂದ 11 ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ, ಎಷ್ಟೋ ಜನರಲ್ಲಿ ಲಕ್ಷದ ಆಸುಪಾಸು. ಆಮೇಲೆ ತಾನಾಗಿಯೇ ಇಳಿಯುತ್ತದೆ. ಮೂರು ತಿಂಗಳು ಕಳೆದ ಮೇಲೆ ನಂಬರು ಇಳಿಯಿತು ಅಂತ ಗಾಬರಿಪಡುವವರಿದ್ದಾರೆ. ಇಳಿಯಬೇಕಾದ್ದೇ ಅದು.

ಒಂದೇ ವಾರದ ಇಬ್ಬರು ಆರೋಗ್ಯವಂತ ಬಸುರಿಯರಲ್ಲಿ ಒಬ್ಬರಿಗೆ 60, ಇನ್ನೊಬ್ಬರಿಗೆ 400 ಇರಬಹುದು. ಅಂಡ ಬಿಡುಗಡೆ ಕೆಲವು ದಿನ ಹಿಂದೆ ಮುಂದೆ ಆಗಿದ್ದರೂ ಸಾಕು, ಅಷ್ಟು ವ್ಯತ್ಯಾಸ ಬರುತ್ತದೆ. ಅದಕ್ಕೇ ಎರಡನೇ ಪರೀಕ್ಷೆ ಬೇಕು, 48 ಗಂಟೆ ಬಿಟ್ಟು. ಸೋಮವಾರ 180 ಇದ್ದದ್ದು ಬುಧವಾರ 390 ಆದರೆ ಏರಿಕೆ ಚೆನ್ನಾಗಿದೆ. 180 ಇದ್ದದ್ದು 230 ಆದರೆ ಏರಿಕೆ ಬರೀ 28 ಶೇಕಡಾ. ಮೊದಲ ನಂಬರು 1,500ಕ್ಕಿಂತ ಕಡಿಮೆ ಇದ್ದಾಗ ಎರಡು ದಿನದಲ್ಲಿ ಕನಿಷ್ಠ 49 ಶೇಕಡಾ ಏರಬೇಕು ಅನ್ನುವುದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2018ರಲ್ಲಿ ಕೊಟ್ಟ ಲೆಕ್ಕ. 1,500ರಿಂದ 3,000 ಇದ್ದರೆ 40, ಅದಕ್ಕೂ ಮೇಲಿದ್ದರೆ 33 ಶೇಕಡಾ. ಎರಡು ಪಟ್ಟು ಆಗಲೇಬೇಕು ಅಂತ ಹೇಳುತ್ತಾರಲ್ಲ, ಹಾಗೇನೂ ಇಲ್ಲ. 49ಕ್ಕಿಂತ ಕಡಿಮೆ ಏರಿದರೂ ಗರ್ಭ ಹೋಯಿತು ಅಂತ ಅರ್ಥ ಮಾಡಬೇಡಿ. ವೈದ್ಯರು ಜಾಸ್ತಿ ಎಚ್ಚರದಿಂದ ನೋಡಬೇಕು ಅಂತ ಅರ್ಥ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಎರಡೂ ಪರೀಕ್ಷೆ ಒಂದೇ ಲ್ಯಾಬಿನಲ್ಲಿ ಆಗಬೇಕು. ರಕ್ತದಲ್ಲಿ ಎಚ್‌ಸಿಜಿ ಒಂದೇ ರೂಪದಲ್ಲಿ ಇರುವುದಿಲ್ಲ. ಇಡಿಯಾಗಿ ಇರುತ್ತದೆ, ತುಂಡಾಗಿ ಇರುತ್ತದೆ, ಬಿಡಿ ಬೀಟಾ ಎಳೆಯಾಗಿಯೂ ಇರುತ್ತದೆ. ಯಾವ ಕಂಪನಿಯ ಆ್ಯಂಟಿಬಾಡಿ ಯಾವುದನ್ನು ಎಷ್ಟು ಹಿಡಿಯುತ್ತದೆ ಅನ್ನುವುದು ಬೇರೆ ಬೇರೆ. ಮಂಡ್ಯದ ಒಂದು ಲ್ಯಾಬಿನಲ್ಲಿ 850 ಬಂತು, ಎರಡು ದಿನ ಬಿಟ್ಟು ಮೈಸೂರಿನ ಇನ್ನೊಂದರಲ್ಲಿ 1,010 ಬಂತು ಅಂತಿಟ್ಟುಕೊಳ್ಳಿ. ಹಾರ್ಮೋನ್ ನಿಧಾನಕ್ಕೆ ಏರಿದ್ದಾ, ಅಥವಾ ಲ್ಯಾಬ್ ಬದಲಾದದ್ದಕ್ಕೆ ಬಂದ ವ್ಯತ್ಯಾಸವಾ? ಆ ಹಾಳೆ ನೋಡಿ ಯಾರಿಂದಲೂ ಹೇಳಲು ಆಗುವುದಿಲ್ಲ. ಆಶಾ ಅಕ್ಕಂದಿರು ತಾಯಿ ಕಾರ್ಡಿನ ಜೊತೆ ರಿಪೋರ್ಟ್ ಇಡುವಾಗ ಲ್ಯಾಬಿನ ಹೆಸರು, ರಕ್ತ ತೆಗೆದ ಗಂಟೆ ಎರಡನ್ನೂ ನೋಡಿಕೊಳ್ಳಿ.

ಏರಿಕೆ ಕುಂಟುತ್ತಿದ್ದರೆ ವೈದ್ಯರಿಗೆ ಬರುವ ದೊಡ್ಡ ಭಯ ಟ್ಯೂಬಿನಲ್ಲಿ, ಅಂದರೆ ಗರ್ಭಕೋಶದ ಹೊರಗೆ ಅಂಡ ಸಾಗಿಬರುವ ನಾಳದಲ್ಲಿ, ನಿಂತ ಗರ್ಭ. ನಂಬರು 3,500 ದಾಟಿದ ಮೇಲೂ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಗರ್ಭಕೋಶದೊಳಗೆ ಏನೂ ಕಾಣದಿದ್ದರೆ ಆ ಅನುಮಾನ ಬಲವಾಗುತ್ತದೆ. ಆದರೆ ಟ್ಯೂಬು ಒಡೆಯುವುದಕ್ಕೆ ದೊಡ್ಡ ನಂಬರೇ ಬೇಕು ಅಂತ ಇಲ್ಲ. ಕಡಿಮೆ ನಂಬರಿನಲ್ಲೂ ಒಡೆಯುತ್ತದೆ. ಮುಟ್ಟು ತಪ್ಪಿದ ಹೆಣ್ಣಿಗೆ ಕಿಬ್ಬೊಟ್ಟೆಯ ಒಂದು ಕಡೆ ಜೋರು ನೋವು, ರಕ್ತ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ರಿಪೋರ್ಟಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಕೆಲವು ಸಲ ಪರೀಕ್ಷೆ ಸರಿಯಾಗಿ ಮಾಡಿದರೂ ನಂಬರು ದಾರಿ ತಪ್ಪಿಸುತ್ತದೆ. ಮೊದಲನೆಯದು ಹುಕ್ ಎಫೆಕ್ಟ್. ಎಚ್‌ಸಿಜಿ ವಿಪರೀತ ಇದ್ದರೆ, ಉದಾಹರಣೆಗೆ ದ್ರಾಕ್ಷಿ ಗೊಂಚಲಿನಂತೆ ಮಾಸು ಬೆಳೆಯುವ ಮೋಲಾರ್ ಗರ್ಭದಲ್ಲಿ ಹತ್ತು ಲಕ್ಷದ ಆಸುಪಾಸು ಹೋಗಬಹುದು, ತಳದ ಆ್ಯಂಟಿಬಾಡಿಯನ್ನೂ ಕಿಣ್ವದ ಆ್ಯಂಟಿಬಾಡಿಯನ್ನೂ ಬೇರೆ ಬೇರೆ ಎಚ್‌ಸಿಜಿ ಅಣುಗಳೇ ಆಕ್ರಮಿಸಿಬಿಡುತ್ತವೆ. ಎರಡೂ ಒಂದೇ ಅಣುವನ್ನು ಹಿಡಿಯುವುದೇ ಇಲ್ಲ. ತೊಳೆದಾಗ ಕಿಣ್ವ ಕೊಚ್ಚಿಹೋಗುತ್ತದೆ. ಬಣ್ಣ ಕಮ್ಮಿ, ನಂಬರು ಕಮ್ಮಿ, ಕೆಲವೊಮ್ಮೆ ನೆಗೆಟಿವ್! ಒಂದೇ ಹಂತದಲ್ಲಿ ಎಲ್ಲ ಸೇರಿಸುವ ಪರೀಕ್ಷೆಗಳಲ್ಲಿ ಇದು ಜಾಸ್ತಿ. ಸ್ಯಾಂಪಲ್ಲನ್ನು ನೂರು ಪಟ್ಟು ತೆಳುಮಾಡಿ ಮತ್ತೆ ಹಾಕಿದರೆ ನಿಜ ಹೊರಬೀಳುತ್ತದೆ. ಹೊಟ್ಟೆ ತಿಂಗಳಿಗಿಂತ ದೊಡ್ಡದಿದೆ, ವಾಂತಿ ವಿಪರೀತ ಇದೆ ಅಂತ ವೈದ್ಯರು ಚೀಟಿಯಲ್ಲಿ ಒಂದು ಸಾಲು ಬರೆದರೆ ಲ್ಯಾಬಿನವರಿಗೆ ತೆಳುಮಾಡಬೇಕು ಅಂತ ಹೊಳೆಯುತ್ತದೆ. ಆ ಒಂದು ಸಾಲು ಬರೆಯದ ಚೀಟಿಗಳೇ ಹೆಚ್ಚು ಬರುತ್ತವೆ, ಅದು ನನ್ನ ಬಹಳ ದಿನದ ಬೇಸರ.

ಎರಡನೆಯದು ಇದಕ್ಕೆ ಉಲ್ಟಾ. ಕೆಲವರ ರಕ್ತದಲ್ಲಿ ಪ್ರಾಣಿಗಳ ಆ್ಯಂಟಿಬಾಡಿಯನ್ನು ಹಿಡಿಯುವ ಆ್ಯಂಟಿಬಾಡಿ ಇರುತ್ತದೆ. ಕಿಟ್ಟಿನ ಎರಡೂ ಆ್ಯಂಟಿಬಾಡಿಗಳು ಹೆಚ್ಚಾಗಿ ಇಲಿಯಿಂದ ಬಂದವು. ಹಾರ್ಮೋನ್ ಇಲ್ಲದೆಯೇ ಅವೆರಡನ್ನೂ ಇದು ಜೋಡಿಸಿಬಿಡುತ್ತದೆ. ಇಲ್ಲದ ಎಚ್‌ಸಿಜಿ ಇದೆ ಅಂತ ತೋರುತ್ತದೆ. 2000ದಲ್ಲಿ ಅಮೆರಿಕದ ರೋಟ್‌ಮೆನ್ಶ್ ಮತ್ತು ಕೋಲ್ ಇಂಥ 12 ಹೆಣ್ಣುಮಕ್ಕಳ ಬಗ್ಗೆ ಬರೆದರು. ಮಾಸಿನ ಕ್ಯಾನ್ಸರ್ ಅಂತ ತಿಳಿದು ಬಹುತೇಕರಿಗೆ ಆಪರೇಷನ್ನೋ ಕಿಮೋವೋ ಆಗಿಹೋಗಿತ್ತು. ಅವರಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲ. ಅದನ್ನು ಓದಿದಾಗ ಆದ ನೋವು ಈಗಲೂ ಹೋಗಿಲ್ಲ. ಪರಿಹಾರ ಸುಲಭ ಇತ್ತು. ಈ ಆ್ಯಂಟಿಬಾಡಿ ಮೂತ್ರಕ್ಕೆ ಇಳಿಯುವುದಿಲ್ಲ. ರಕ್ತದಲ್ಲಿ ಪಾಸಿಟಿವ್, ಮೂತ್ರದಲ್ಲಿ ನೆಗೆಟಿವ್ ಬಂದರೆ ಅನುಮಾನ ಪಡಬೇಕು.

ಮೂರನೆಯದು ಕೂದಲು, ಉಗುರಿಗೆ ಅಂತ ತಿನ್ನುವ ಬಯೋಟಿನ್ ಮಾತ್ರೆ. ಕೆಲವು ಯಂತ್ರಗಳು ಬಯೋಟಿನ್ ಬಳಸಿಯೇ ಆ್ಯಂಟಿಬಾಡಿಯನ್ನು ಹಿಡಿದಿಡುತ್ತವೆ. ಹೆಚ್ಚು ಡೋಸ್ ತಿಂದವರಲ್ಲಿ ಎಚ್‌ಸಿಜಿ ಇದ್ದದ್ದಕ್ಕಿಂತ ಕಡಿಮೆ ತೋರಬಹುದು. ರಕ್ತ ಕೊಡುವಾಗ ಆ ಮಾತ್ರೆಯ ಹೆಸರು ಹೇಳಿಬಿಡಿ.

ಪ್ರೊಜೆಸ್ಟರಾನ್ ಪರೀಕ್ಷೆಯ ಬಗ್ಗೆಯೂ ಒಂದಿಷ್ಟು. ಅದು ಬಹಳ ಸಣ್ಣ ಅಣು. ಎರಡು ಆ್ಯಂಟಿಬಾಡಿ ಹಿಡಿಯುವಷ್ಟು ಜಾಗವೇ ಅದರಲ್ಲಿಲ್ಲ. ಅಲ್ಲಿ ಪೈಪೋಟಿಯ ವಿಧಾನ. ಮೈಸೂರು–ಮಂಡ್ಯ ಬಸ್ಸು ನೆನೆಸಿಕೊಳ್ಳಿ. ಸೀಟು ಇರುವುದು ಇಷ್ಟೇ. ಕೆಂಪು ಚೀಲ ಹಿಡಿದ ಕೆಲವರು, ಚೀಲ ಇಲ್ಲದ ಕೆಲವರು ಒಟ್ಟಿಗೆ ನುಗ್ಗುತ್ತಾರೆ. ಚೀಲ ಇಲ್ಲದವರು ಜಾಸ್ತಿ ಇದ್ದರೆ ಕೂತವರ ಕೈಯಲ್ಲಿ ಕೆಂಪು ಚೀಲ ಕಡಿಮೆ ಕಾಣುತ್ತದೆ. ಸೀಟು ಅಂದರೆ ತಳದ ಆ್ಯಂಟಿಬಾಡಿ. ಕೆಂಪು ಚೀಲದವರು ನಾವು ಹಾಕಿದ, ಕಿಣ್ವ ಕಟ್ಟಿದ ಪ್ರೊಜೆಸ್ಟರಾನ್. ಚೀಲ ಇಲ್ಲದವರು ತಾಯಿಯದು. ತಾಯಿಯ ಪ್ರೊಜೆಸ್ಟರಾನ್ ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ಹೊಸಬರು ಇಲ್ಲಿ ಗ್ರಾಫನ್ನು ತಲೆಕೆಳಗಾಗಿ ಓದಿಬಿಡುತ್ತಾರೆ, ಜೋಪಾನ. ಮೊದಲ ವಾರಗಳಲ್ಲಿ ಮಿಲಿಲೀಟರಿಗೆ 5 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಬಸಿರು ಉಳಿಯುವುದು ಬಹಳ ಕಷ್ಟ. 20 ದಾಟಿದ್ದರೆ ಸಾಮಾನ್ಯವಾಗಿ ಧೈರ್ಯ. ನಡುವೆ ಇದ್ದವರಿಗೆ ಕಾದು ನೋಡುವುದೇ ದಾರಿ.

ಡಬಲ್ ಮಾರ್ಕರ್ ಬಗ್ಗೆ ಎರಡೇ ಮಾತು. 11ರಿಂದ 14 ವಾರದ ನಡುವೆ ಬಿಡಿ ಬೀಟಾ ಎಚ್‌ಸಿಜಿ ಮತ್ತು ಪಿಎಪಿಪಿ-ಎ ಅನ್ನುವ ಪ್ರೋಟೀನನ್ನು ಅಳೆದು, ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಅದು ಸಂಭವದ ಲೆಕ್ಕ. 'ಹೈ ರಿಸ್ಕ್' ಬಂದ ಮಾತ್ರಕ್ಕೆ ಮಗುವಿಗೆ ತೊಂದರೆ ಇದೆ ಅಂತ ಆಗಲಿಲ್ಲ, ಮುಂದಿನ ಪರೀಕ್ಷೆ ಬೇಕು ಅಂತ ಆಯಿತು.

ಪ್ರಶ್ನೆಗಳು

ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು: "ಮೇಡಂ, ಮೂತ್ರದಲ್ಲಿ ಬಸಿರು ನೋಡೋಕೆ ನಾವು ಕೊಡುವ ನಿಶ್ಚಯ್ ಕಿಟ್ಟಿನಲ್ಲಿ ಒಂದೇ ಗೆರೆ ಬರುತ್ತದೆ, ವಾರ ಬಿಟ್ಟು ನೋಡಿದರೆ ಎರಡು ಬರುತ್ತದೆ. ಕಿಟ್ಟು ಸರಿ ಇಲ್ವಾ?"

ಕಿಟ್ಟು ಸರಿ ಇದೆ ಅಕ್ಕ. ಮೂತ್ರದ ಪಟ್ಟಿಗೆ ಸಾಮಾನ್ಯವಾಗಿ 20ರಿಂದ 25 ಮಿಲಿ ಯೂನಿಟ್ ಬೇಕು. ರಕ್ತದ ಪರೀಕ್ಷೆ ಅದಕ್ಕಿಂತ ಕಡಿಮೆಯನ್ನೂ ಹಿಡಿಯುತ್ತದೆ. ಮುಟ್ಟಿನ ದಿನಕ್ಕೆ ಮುಂಚೆ ನೋಡಿದರೆ, ಅಥವಾ ನೀರು ಜಾಸ್ತಿ ಕುಡಿದು ಮೂತ್ರ ತೆಳುವಾಗಿದ್ದರೆ ಗೆರೆ ಬರದೆ ಇರಬಹುದು. ಬೆಳಗಿನ ಮೊದಲ ಮೂತ್ರ ತೆಗೆದುಕೊಳ್ಳಿ. ಪೊಟ್ಟಣದ ಮೇಲೆ ಹೇಳಿದ ಹೊತ್ತಿಗೇ ಓದಿ. ಅರ್ಧ ಗಂಟೆ ಬಿಟ್ಟು ಕಾಣುವ ಮಸುಕು ಗೆರೆಯನ್ನು ನಂಬಬೇಡಿ, ಪಟ್ಟಿ ಒಣಗಿದಾಗ ಹಾಗೆ ಕಾಣುತ್ತದೆ. ಇನ್ನೊಂದು ವಿಷಯ, ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಿಣ್ವ ಇರುವುದಿಲ್ಲ. ಆ ಕೆಂಪು ಗೆರೆ ಚಿನ್ನದ ಅತಿ ಸಣ್ಣ ಕಣಗಳದ್ದು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಈ ಹಾರ್ಮೋನ್ ನೋಡಿ ಗಂಡೋ ಹೆಣ್ಣೋ ಹೇಳುತ್ತಾರಂತೆ, ಹೌದಾ?"

ಇಲ್ಲ. ಎಚ್‌ಸಿಜಿ ನಂಬರಿನಿಂದ ಯಾವ ಮಗುವಿನ ಲಿಂಗವೂ ಗೊತ್ತಾಗುವುದಿಲ್ಲ. ಹಾಗೆ ಹೇಳುವವರು ನಿಮ್ಮಿಂದ ದುಡ್ಡು ಕೀಳುತ್ತಿದ್ದಾರೆ. ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಇದೇ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣಗಳನ್ನು ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಸಿಕ್ಕಿಬಿತ್ತು. ಬೆಲ್ಲ ಬೇಯುವ ಜಾಗದಲ್ಲಿ ನಡೆದ ಆ ಕೆಲಸ ನೆನೆದರೆ ನನಗೆ ಮಾತು ಹೊರಡುವುದಿಲ್ಲ. ನಿಮ್ಮ ಊರಿನಲ್ಲಿ ಅಂಥ ಸುದ್ದಿ ಕಿವಿಗೆ ಬಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ.

ಹಾಲು ಹಾಕುವ ರೈತರೊಬ್ಬರು ಕೇಳಿದರು: "ನಮ್ಮ ಹಸು ಗಬ್ಬ ಆಗಿದೆಯಾ ಅಂತ ನೋಡೋಕೆ ಆ ಪಟ್ಟಿ ಆಗುತ್ತಾ?"

ಆಗುವುದಿಲ್ಲ ಅಣ್ಣ. ಹಸುವಿನಲ್ಲಿ ಎಚ್‌ಸಿಜಿ ತರದ ಹಾರ್ಮೋನೇ ಇಲ್ಲ. ಕುದುರೆಯಲ್ಲಿ ಒಂದಿದೆ, ಹಸುವಿನಲ್ಲಿ ಇಲ್ಲ. ಆದರೆ ಎಲೈಸಾ ಹಸುವಿಗೂ ಇದೆ. ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಿಸಿ 28 ದಿನ ದಾಟಿದ ಮೇಲೆ, ಮಾಸಿನಿಂದ ಬರುವ ಪಿಎಜಿ ಅನ್ನುವ ಪ್ರೋಟೀನನ್ನು ರಕ್ತದಲ್ಲಿ ಅಥವಾ ಹಾಲಿನಲ್ಲಿ ನೋಡಬಹುದು. ಇನ್ನೊಂದು ಹಾಲಿನ ಪ್ರೊಜೆಸ್ಟರಾನ್. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ ಅಲ್ವಾ? 21ರಿಂದ 24ನೇ ದಿನದ ಹಾಲಿನಲ್ಲಿ ಪ್ರೊಜೆಸ್ಟರಾನ್ ಕಡಿಮೆ ಇದ್ದರೆ ಗಬ್ಬ ನಿಂತಿಲ್ಲ ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಜಾಸ್ತಿ ಇದ್ದರೆ ಮಾತ್ರ ಅಷ್ಟು ಖಚಿತ ಇಲ್ಲ, ಮುಂದೆ ಪಶುವೈದ್ಯರಿಂದ ನೋಡಿಸಬೇಕು. ಕರು ಹಾಕುವುದು ಒಂದೊಂದು ತಿಂಗಳು ತಡವಾದರೂ ನಿಮಗೆ ನಷ್ಟ. ಈ ಪರೀಕ್ಷೆ ನಮ್ಮ ಹಾಲಿನ ಡೇರಿಗಳ ಹತ್ತಿರವೇ ಸಿಗಬೇಕು ಅಂತ ನನ್ನ ಆಸೆ.

ಕೊನೆಗೆ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ: "ಅಬಾರ್ಷನ್ ಆದ ಮೇಲೂ ಪಾಸಿಟಿವ್ ಬರುತ್ತದಲ್ಲ ಮೇಡಂ, ಎಷ್ಟು ದಿನ?"

ಗರ್ಭ ಹೋದ ತಕ್ಷಣ ರಕ್ತದಲ್ಲಿರುವ ಎಚ್‌ಸಿಜಿ ಮಾಯವಾಗುವುದಿಲ್ಲಮ್ಮ. ಎಷ್ಟರ ಮಟ್ಟಕ್ಕೆ ಏರಿತ್ತು ಅನ್ನುವುದರ ಮೇಲೆ 5ರ ಒಳಗೆ ಬರುವುದಕ್ಕೆ ಕೆಲವು ವಾರ ಬೇಕು, ಕೆಲವರಲ್ಲಿ 6 ವಾರದವರೆಗೂ ಹೋಗುತ್ತದೆ. ಅಷ್ಟರಲ್ಲಿ ಪಟ್ಟಿ ಹಾಕಿ ನೋಡಿ ಮತ್ತೆ ನಿಂತಿದೆ ಅಂತ ಆಸೆ ಇಟ್ಟುಕೊಂಡವರಿಗೆ ಇದನ್ನು ಮೆಲ್ಲಗೆ ಹೇಳಬೇಕು. ನಂಬರು ಇಳಿಯದೆ ಒಂದೇ ಕಡೆ ನಿಂತರೆ, ಅಥವಾ ಮತ್ತೆ ಏರಿದರೆ ವೈದ್ಯರ ಹತ್ತಿರ ಹೋಗಲೇಬೇಕು. ಒಳಗೆ ಚೂರು ಉಳಿದಿರಬಹುದು. ಮೋಲಾರ್ ಗರ್ಭ ತೆಗೆಸಿದವರಲ್ಲಿ ಉಳಿದ ಜೀವಕೋಶ ಕ್ಯಾನ್ಸರಿಗೆ ತಿರುಗುವ ಸಂಭವವೂ ಇದೆ. ಅಂಥವರಿಗೆ ಮೊದಲು ವಾರಕ್ಕೊಮ್ಮೆ ಪರೀಕ್ಷೆ. ನಂಬರು ಪೂರ್ತಿ ಇಳಿದ ಮೇಲೂ ಕೆಲವು ತಿಂಗಳು, ತಿಂಗಳಿಗೊಮ್ಮೆ ಪರೀಕ್ಷೆ ಇರುತ್ತದೆ. ಆ ಅವಧಿಯಲ್ಲಿ ಬಸಿರು ನಿಲ್ಲದಂತೆ ನೋಡಿಕೊಳ್ಳಬೇಕು. ನಿಂತರೆ ಎಚ್‌ಸಿಜಿ ಏರಿದ್ದು ಹೊಸ ಬಸಿರಿಗೋ ಹಳೆಯ ಕಾಯಿಲೆಗೋ ಅಂತ ಲ್ಯಾಬಿಗೆ ಗೊತ್ತಾಗುವುದಿಲ್ಲ. ಹುಷಾರಾಗಿದ್ದೇನೆ, ಇನ್ನೇನು ಪರೀಕ್ಷೆ ಅಂತ ಎಷ್ಟೋ ಜನ ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ. ಅಂಥವರ ಮನೆಗೆ ಆಶಾ ಅಕ್ಕಂದಿರು ಒಂದು ಸಲ ಹೋಗಿ, ಮುಂದಿನ ರಕ್ತ ಪರೀಕ್ಷೆ ಯಾವ ದಿನ ಅಂತ ಕೇಳಿ ಬರೆದಿಟ್ಟುಕೊಳ್ಳಬೇಕು.